ಬೆಲೆ ಕೇಳಲು ಕಲಿತದ್ದು

"ಹೇಗಣ್ಣಾ ದಾಳಿಂಬೆ?"

ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಈ ಮಾತನ್ನು ಎಷ್ಟು ಸಲ ಆಡಿದ್ದೇನೋ ಲೆಕ್ಕವಿಲ್ಲ. ಅವರು ಒಂದು ಬೆಲೆ ಹೇಳುತ್ತಾರೆ. ನಾನು ಏನೂ ಹೇಳದೆ ಎರಡು ಹೆಜ್ಜೆ ಮುಂದೆ ಹೋಗುತ್ತೇನೆ. "ಬನ್ನಿ ಅಕ್ಕಾ, ಎಷ್ಟಕ್ಕೆ ಬೇಕು ನೀವೇ ಹೇಳಿ" ಅನ್ನುವ ಕೂಗು ಹಿಂದಿನಿಂದ ಬರುತ್ತದೆ. ಆಮೇಲೆ ಐದು ನಿಮಿಷ ಮಾತು. ತೂಗಿದ ಮೇಲೂ ಒಂದು ಹಣ್ಣು ಕೊಸರು ಹಾಕಿಸಿಕೊಂಡೇ ಹೊರಡುವುದು. ಇದನ್ನೆಲ್ಲ ನನಗೆ ಕಲಿಸಿದ್ದು ಅವ್ವ. ಚಿಕ್ಕವಳಿದ್ದಾಗ ಅವಳ ಸೆರಗು ಹಿಡಿದುಕೊಂಡು ನಿಂತು ಕಲಿತದ್ದು. ಹಣ್ಣು ತರುವುದರಲ್ಲಿ ನಮ್ಮ ಬೀದಿಯಲ್ಲಿ ನನಗೆ ಒಳ್ಳೆಯ ಹೆಸರಿತ್ತು.

2017ರ ಫೆಬ್ರವರಿಯಲ್ಲಿ ನಮ್ಮವರ ಕೆಲಸದ ಜೊತೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಬಂದೆವು. ಮಗನಿಗೆ ಆಗ ಏಳು ವರ್ಷ. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ, ಪಿಯುಸಿವರೆಗೆ. ಇಂಗ್ಲಿಷ್ ಓದಲು ಬರುತ್ತಿತ್ತು. ಬೋರ್ಡು, ಅರ್ಜಿ, ಔಷಧಿ ಚೀಟಿ ಎಲ್ಲ ನಿಧಾನವಾಗಿ ಓದುತ್ತಿದ್ದೆ. ಆದರೆ ಯಾರಾದರೂ ಎದುರು ನಿಂತು ಮಾತಾಡಿದರೆ ಒಂದು ಪದವೂ ಕಿವಿಯಲ್ಲಿ ನಿಲ್ಲುತ್ತಿರಲಿಲ್ಲ.

ಮೊದಲ ತಿಂಗಳುಗಳಲ್ಲಿ ಇದು ಗೊತ್ತೇ ಆಗಲಿಲ್ಲ. ಯಾಕೆಂದರೆ ಸೂಪರ್ ಮಾರ್ಕೆಟ್ಟಿನಲ್ಲಿ ಬಾಯಿ ಬಿಡದೆ ಬದುಕಬಹುದು. ಎಲ್ಲದರ ಮೇಲೂ ಬೆಲೆ ಬರೆದಿರುತ್ತದೆ. ಬುಟ್ಟಿಗೆ ಹಾಕಿಕೊಂಡು ಹೋಗಿ ಮಿಷನ್ನಿನ ಮುಂದೆ ನಿಂತರೆ ಆಯಿತು. ಅದು ಏನೋ ಹೇಳುತ್ತದೆ, ದುಡ್ಡು ಹಾಕಿದರೆ ಸುಮ್ಮನಾಗುತ್ತದೆ. ಮನೆಯಿಂದ ಹೊರಟು ಹಣ್ಣು, ತರಕಾರಿ, ಹಾಲು ಎಲ್ಲ ತಂದರೂ ದಿನವಿಡೀ ಒಬ್ಬರ ಜೊತೆಯೂ ಒಂದು ಮಾತು ಆಡಿರುತ್ತಿರಲಿಲ್ಲ. ಹಾಸನದಲ್ಲಿ ಒಂದು ಡಜನ್ ಬಾಳೆಹಣ್ಣಿಗೆ ಅಷ್ಟೊಂದು ಮಾತಾಡುತ್ತಿದ್ದವಳು ನಾನು. ರಾತ್ರಿ ಮಲಗಿದಾಗ ಗಂಟಲು ಕಟ್ಟಿದ ಹಾಗೆ ಆಗುತ್ತಿತ್ತು.

ನಾವಿದ್ದದ್ದು ಹ್ಯಾಂಡ್ಸ್‌ವರ್ತ್ ಕಡೆ. ಅಲ್ಲಿ ಸೋಹೋ ರೋಡ್ ಅಂತ ಉದ್ದನೆಯ ಪೇಟೆ ಬೀದಿ, ಹೆಚ್ಚಿನವು ಪಂಜಾಬಿಗಳ ಅಂಗಡಿ. "ಅಲ್ಲಿ ಹಿಂದಿ ನಡೆಯುತ್ತೆ, ಅಲ್ಲೇ ತಗೋ" ಎಂದರು ನಮ್ಮವರು. ನನ್ನ ಹಿಂದಿಯೂ ಅಷ್ಟರಲ್ಲೇ ಇತ್ತು. ಆದರೂ ಕೈ ತೋರಿಸಿ, ಬೆರಳು ಎಣಿಸಿ ಹೇಗೋ ನಡೆಯುತ್ತಿತ್ತು.

ಊರಿನ ನಡುವೆ ಇರುವ ಬುಲ್ ರಿಂಗ್ ಮಾರ್ಕೆಟ್ಟಿಗೆ ಮೊದಲ ಸಲ ಹೋಗಿದ್ದು ಮಾರ್ಚ್ ತಿಂಗಳಲ್ಲಿ. ಒಂದು ಕಡೆ ಸೇಂಟ್ ಮಾರ್ಟಿನ್ ಚರ್ಚಿನ ಚೂಪು ಗೋಪುರ. ಅದರ ಹಿಂದೆ ಮೈತುಂಬ ಬೆಳ್ಳಿ ಬಿಲ್ಲೆ ಅಂಟಿಸಿದಂತೆ ಹೊಳೆಯುವ ಸೆಲ್ಫ್ರಿಡ್ಜಸ್ ಅನ್ನುವ ದೊಡ್ಡ ಅಂಗಡಿಯ ಕಟ್ಟಡ. ಅಲ್ಲೇ ಕೆಳಗೆ ಸಾಲಾಗಿ ಹಣ್ಣು ತರಕಾರಿ ಅಂಗಡಿಗಳು. ಈ ಊರಿನಲ್ಲಿ ಸಂತೆ ನಡೆಸಲು ರಾಜನ ಅಪ್ಪಣೆ ಸಿಕ್ಕಿದ್ದು 1166ರಲ್ಲಂತೆ. ನಮ್ಮ ಹಳೇಬೀಡು, ಬೇಲೂರಿನಲ್ಲಿ ಹೊಯ್ಸಳರು ಇದ್ದ ಕಾಲ ಅದು. ಇದು ಆಮೇಲೆ ತಿಳಿದದ್ದು. ಅವತ್ತು ನನಗೆ ಕಂಡದ್ದು ಬೋಗುಣಿಗಳು ಮಾತ್ರ. ಒಂದೊಂದು ಬೋಗುಣಿಯಲ್ಲೂ ಆರು ಸೇಬು, ಇಲ್ಲ ಎಂಟು ಕಿತ್ತಳೆ, ಇಲ್ಲ ಒಂದು ರಾಶಿ ದ್ರಾಕ್ಷಿ. ಜೊತೆಗೆ ಕೂಗು. ಆ ಕೂಗು ಕೇಳಿ ನನಗೆ ಕಣ್ಣಲ್ಲಿ ನೀರೇ ಬಂತು. ಪದ ಒಂದೂ ಅರ್ಥವಾಗಲಿಲ್ಲ, ಆದರೆ ಧಾಟಿ ನಮ್ಮದೇ. ಕಟ್ಟಿನಕೆರೆಯಲ್ಲಿ ಟೊಮೇಟೊ ಮಾರುವವರು ಕೂಗುವುದೂ ಹೀಗೇ ಅಲ್ವಾ?

ಧೈರ್ಯ ಬಂತು. ಒಂದು ಅಂಗಡಿ ಮುಂದೆ ನಿಂತು ಕೇಳಿದೆ: "ಹೌ ಬನಾನಾ?"

ನಮ್ಮಲ್ಲಿ ಬೆಲೆಯನ್ನು 'ಹೇಗೆ' ಅಂತಲೇ ಕೇಳುತ್ತೇವೆ. 'ಹೇಗೆ' ಅಂದರೆ 'ಹೌ'. ಅದನ್ನೇ ಹಾಗೇ ಇಟ್ಟೆ. ಅವರು ನಗುನಗುತ್ತಾ ಏನೋ ಉದ್ದಕ್ಕೆ ಹೇಳಿದರು. ಲವ್ಲಿ ಅನ್ನುವ ಒಂದು ಪದ ಮಾತ್ರ ಕಿವಿಗೆ ಬಿತ್ತು. ಬಾಳೆಹಣ್ಣು ಹೇಗಿದೆ ಅಂತ ಕೇಳಿದ್ದೇನೆ ಅಂದುಕೊಂಡು, ಬಹಳ ಚೆನ್ನಾಗಿದೆ ಎಂದು ಅವರು ಹೇಳಿದ್ದರು. ಬೆಲೆ ಹೇಳಿರಲೇ ಇಲ್ಲ. ನಾನು ಐದು ಪೌಂಡಿನ ನೋಟು ಕೊಟ್ಟೆ. ಅವರು ಹಣ್ಣನ್ನು ನೀಲಿ ಕವರಿಗೆ ಹಾಕಿ, ಚಿಲ್ಲರೆ ಕೈಗಿಟ್ಟರು. ಎಷ್ಟು ಹಿಡಿದುಕೊಂಡರು, ಎಷ್ಟು ವಾಪಸ್ ಕೊಟ್ಟರು ಅನ್ನುವುದನ್ನು ನೋಡದೆ ಪರ್ಸಿಗೆ ಸುರಿದುಕೊಂಡು ಬಂದೆ.

ಅಂದಿನಿಂದ ಅದೇ ರೂಢಿಯಾಯಿತು. ಬೆಲೆ ಅರ್ಥವಾಗದಿದ್ದರೆ ನೋಟು ಕೊಡುವುದು. ಎರಡು ಪೌಂಡಿನ ಹಣ್ಣಿಗೂ ಹತ್ತರ ನೋಟು. ಭಾಷೆ ಬರದ ಊರಿಗೆ ಹೋದವರಲ್ಲಿ ಎಷ್ಟೋ ಜನ ಇದನ್ನೇ ಮಾಡುತ್ತಾರೆ ಅಂತ ಈಗ ಗೊತ್ತು. ಆಗ ನನ್ನ ಒಬ್ಬಳದೇ ಗುಟ್ಟು ಅಂದುಕೊಂಡಿದ್ದೆ. ಮನೆಯಲ್ಲಿ ಒಂದು ಖಾಲಿ ಹಾರ್ಲಿಕ್ಸ್ ಬಾಟಲಿಯಿತ್ತು. ಪರ್ಸು ಭಾರವಾದಾಗಲೆಲ್ಲ ಚಿಲ್ಲರೆಯನ್ನು ಅದಕ್ಕೆ ಹಾಕುತ್ತಿದ್ದೆ. ಅದು ತುಂಬುತ್ತಾ ಬಂತು.

ಚಿಲ್ಲರೆ ಬಳಸಬಾರದಿತ್ತಾ ಅಂತ ಕೇಳಬಹುದು. ಅದಕ್ಕೂ ಕಾರಣವಿದೆ. ಪೆನ್ಸ್ ಅಂದರೆ ಪೌಂಡಿನ ಪೈಸೆ. ಆಗ ಓಡಾಡುತ್ತಿದ್ದ ಪೆನ್ಸ್ ನಾಣ್ಯಗಳಲ್ಲಿ 2008ರ ನಂತರ ಬಂದವುಗಳ ಮೇಲೆ ಅಂಕಿಯೇ ಇಲ್ಲ. ಟೆನ್ ಪೆನ್ಸ್, ಟ್ವೆಂಟಿ ಪೆನ್ಸ್ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ ಅಷ್ಟೇ. ಗಾತ್ರ ನೋಡಿ ಹೇಳೋಣವೆಂದರೆ ಎರಡು ಪೆನ್ಸಿನ ನಾಣ್ಯ ಹತ್ತು ಪೆನ್ಸಿಗಿಂತ ದೊಡ್ಡದು. ಐದು ಪೆನ್ಸಿನದು ಒಂದು ಪೆನ್ಸಿನ ನಾಣ್ಯಕ್ಕಿಂತ ಚಿಕ್ಕದು. ಹಿಂದೆ ಸಾಲು ನಿಂತಿರುವಾಗ ಅಕ್ಷರ ಓದಿ ಎಣಿಸಿ ಕೊಡುವಷ್ಟು ಗಟ್ಟಿ ಮನಸ್ಸು ನನಗಿರಲಿಲ್ಲ.

ಆ ವರ್ಷದ ಅಕ್ಟೋಬರ್ ಕೊನೆಯಲ್ಲಿ ಒಂದು ದಿನ ಮನೆ ಹತ್ತಿರದ ಅಂಗಡಿಗೆ ಹೋಗಿದ್ದೆ. ಮಗನಿಗೆ ಜ್ವರ, ಕಿತ್ತಳೆ ಬೇಕಿತ್ತು. ಕೈಯಲ್ಲಿ ನೋಟು ಇರಲಿಲ್ಲ. ಬಾಟಲಿಯಿಂದ ನಾಲ್ಕು ಪೌಂಡ್ ನಾಣ್ಯ ತೆಗೆದುಕೊಂಡು ಹೋದೆ. ಅಂಗಡಿಯವರು ನಾಣ್ಯಗಳನ್ನು ನೋಡಿ ವಾಪಸ್ ನನ್ನ ಕಡೆಗೇ ತಳ್ಳಿದರು. ಏನೋ ಹೇಳಿದರು. ಇನ್ನೊಂದು ಸಲ ಜೋರಾಗಿ ಹೇಳಿದರು. ಜೋರಾಗಿ ಹೇಳಿದರೆ ಅರ್ಥವಾಗುತ್ತದಾ? ಹಿಂದೆ ನಿಂತವರು ನೋಡುತ್ತಿದ್ದರು. ಕಿತ್ತಳೆಯನ್ನು ಅಲ್ಲೇ ಬಿಟ್ಟು ಬಂದೆ.

ಸಂಜೆ ನಮ್ಮವರು ಹೇಳಿದರು. ಮಾರ್ಚ್ 28ಕ್ಕೆ ಹನ್ನೆರಡು ಮೂಲೆಯ ಹೊಸ ಪೌಂಡ್ ನಾಣ್ಯ ಬಂದಿದೆ. ದುಂಡನೆಯ ಹಳೆ ನಾಣ್ಯ ಅಕ್ಟೋಬರ್ 15ರ ರಾತ್ರಿಗೆ ಮುಗಿಯಿತು, ಅಂಗಡಿಯವರು ತೆಗೆದುಕೊಳ್ಳಬೇಕಾಗಿಲ್ಲ. ಟಿವಿಯಲ್ಲಿ, ಪೇಪರಿನಲ್ಲಿ, ಅಂಗಡಿ ಗೋಡೆಗಳ ಮೇಲೆ ತಿಂಗಳುಗಟ್ಟಲೆ ಇದನ್ನೇ ಹೇಳಿದ್ದರಂತೆ. ನನ್ನ ಕಿವಿಗೆ ಮಾತ್ರ ಬಿದ್ದಿರಲಿಲ್ಲ.

ಬಾಟಲಿಯನ್ನು ಚಾಪೆಯ ಮೇಲೆ ಸುರಿದೆವು. ದುಂಡು ನಾಣ್ಯ 31 ಸಿಕ್ಕವು. ಆಗ ಒಂದು ಪೌಂಡಿಗೆ 85 ರೂಪಾಯಿಯ ಆಸುಪಾಸು. ನನ್ನ ಎದೆ ಧಸಕ್ಕೆಂದಿತು. ಹಿಂದಿನ ವರ್ಷ ನವೆಂಬರ್ 8ರ ರಾತ್ರಿ ನೆನಪಾಯಿತು. 500, 1000ದ ನೋಟು ನಿಂತುಹೋಯಿತು ಅಂದಾಗ ಅವ್ವ ಅಕ್ಕಿ ಡಬ್ಬದಿಂದ ನೋಟು ತೆಗೆದು ತಂದು ನನ್ನ ಮುಂದೆ ಇಟ್ಟಿದ್ದಳು. ಅವಳ ಜೊತೆ ಬ್ಯಾಂಕಿನ ಮುಂದೆ ಬಿಸಿಲಲ್ಲಿ ನಿಂತಿದ್ದೆ. ಓದು ಬರಹ ಗೊತ್ತಿಲ್ಲದ ಅವ್ವನಿಗೆ ನಾನು ಎಲ್ಲ ಬಿಡಿಸಿ ಹೇಳಿದ್ದೆ. ಈಗ ನನಗೆ ಬೇರೆಯವರು ಬಿಡಿಸಿ ಹೇಳಬೇಕಾಯಿತು. ನಾಣ್ಯಗಳೇನೂ ಹಾಳಾಗಲಿಲ್ಲ. ನಮ್ಮವರು ಬ್ಯಾಂಕಿಗೆ ಕಟ್ಟಿ ಬಂದರು. ಆದರೆ ಮುಂದಿನ ವಾರವೇ ನಾನು ಇಂಗ್ಲಿಷ್ ಕ್ಲಾಸಿಗೆ ಸೇರಿದೆ.

ಕ್ಲಾಸು ನಡೆಯುತ್ತಿದ್ದದ್ದು ಒಂದು ಚರ್ಚಿನ ಹಾಲಿನಲ್ಲಿ. ವಾರಕ್ಕೆ ಎರಡು ದಿನ, ಫೀಸಿಲ್ಲ. ಟೀಚರ್ ಶಾಲೆಯಿಂದ ನಿವೃತ್ತಿಯಾದವರು, ಎಪ್ಪತ್ತರ ಹತ್ತಿರದ ಹೆಂಗಸು. ನಾವು ಒಂಬತ್ತು ಜನ. ಯೆಮನ್‌ನವರು, ಸೊಮಾಲಿಯಾದವರು, ಪಾಕಿಸ್ತಾನದ ಮೀರ್‌ಪುರದವರು, ಪೋಲೆಂಡಿನವರು ಒಬ್ಬರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ. ಹಾಗಾಗಿ ಟೀ ಕುಡಿಯುವಾಗಲೂ ಇಂಗ್ಲಿಷೇ ಬೇಕು. ಇದಕ್ಕಿಂತ ಒಳ್ಳೆಯ ಕ್ಲಾಸು ಬೇರೆ ಇಲ್ಲ ಅಂತ ನಾನು ಇವತ್ತಿಗೂ ನಂಬಿದ್ದೇನೆ.

ಟೀಚರ್ ಒಂದು ಬುಟ್ಟಿ ತುಂಬ ಪ್ಲಾಸ್ಟಿಕ್ ಹಣ್ಣು ತರುತ್ತಿದ್ದರು. ಮೊದಲ ದಿನದ ಪಾಠ, ಹೌ ಮಚ್ ಈಸ್ ದಿಸ್, ಹೌ ಮಚ್ ಆರ್ ದೀಸ್. ಒಂದು ಕಲ್ಲಂಗಡಿಯಾದರೆ ಈಸ್, ನಾಲ್ಕು ಸೇಬಾದರೆ ಆರ್. ದ್ರಾಕ್ಷಿ ಯಾವಾಗಲೂ ಆರ್. ಕನ್ನಡದಲ್ಲಿ 'ಎಷ್ಟು' ಅಂದರೆ ಒಂದಕ್ಕೂ ನಡೆಯುತ್ತದೆ, ನೂರಕ್ಕೂ ನಡೆಯುತ್ತದೆ. ಇದು ಎರಡು ದಿನದಲ್ಲಿ ಬಂದುಬಿಟ್ಟಿತು. ತಪ್ಪಾದರೂ ವ್ಯಾಪಾರಿಗೆ ಅರ್ಥವಾಗುತ್ತದೆ, ಹೆದರಬೇಡಿ ಎಂದರು ಟೀಚರ್.

ಕಷ್ಟ ಇದ್ದದ್ದು ಉತ್ತರದಲ್ಲಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಂಗ್ಲಿಷ್ ಕಲಿಸುವ ಪುಸ್ತಕಗಳು, ವಿಡಿಯೊಗಳು ನಮಗೆ ಪ್ರಶ್ನೆ ಕೇಳುವುದನ್ನೇ ಕಲಿಸುತ್ತವೆ. ಪ್ರಶ್ನೆ ನಮ್ಮ ಕೈಯಲ್ಲಿದೆ. ಬಾಯಿಪಾಠ ಮಾಡಿಕೊಂಡು ಹೋಗಬಹುದು. ಉತ್ತರ ಎದುರಿನವರ ಕೈಯಲ್ಲಿದೆ. ಅದು ಯಾವ ವೇಗದಲ್ಲಿ, ಯಾವ ರೂಪದಲ್ಲಿ ಬರುತ್ತದೋ ಗೊತ್ತಿಲ್ಲ. ಪುಸ್ತಕದಲ್ಲಿ 'ಇಟ್ ಈಸ್ ವನ್ ಪೌಂಡ್ ಅಂಡ್ ಫಿಫ್ಟಿ ಪೆನ್ಸ್' ಅಂತ ಇರುತ್ತದೆ. ಮಾರ್ಕೆಟ್ಟಿನಲ್ಲಿ 'ವನ್ ಫಿಫ್ಟಿ' ಅಷ್ಟೇ. ಪೌಂಡೂ ಇಲ್ಲ, ಪೆನ್ಸೂ ಇಲ್ಲ. ಐವತ್ತು ಪೆನ್ಸ್ ಅಂದರೆ 'ಫಿಫ್ಟಿ ಪೀ'. ಪೌಂಡಿಗೆ ಇನ್ನೊಂದು ಹೆಸರು ಕ್ವಿಡ್. ಐದು ಪೌಂಡಾದರೂ ಫೈವ್ ಕ್ವಿಡ್, ಕೊನೆಗೆ ಎಸ್ ಸೇರಿಸುವ ಹಾಗಿಲ್ಲ. ಐದರ ನೋಟು ಫೈವರ್, ಹತ್ತರದು ಟೆನ್ನರ್. ಇಷ್ಟು ಗೊತ್ತಿಲ್ಲದೆ ಎಷ್ಟು ಹೌ ಮಚ್ ಕಲಿತರೂ ಪ್ರಯೋಜನವಿಲ್ಲ.

ಕನ್ನಡದಲ್ಲಿ ಕೇಳುವುದು ಅಂದರೆ ಪ್ರಶ್ನೆ ಹಾಕುವುದೂ ಹೌದು, ಕಿವಿಗೊಡುವುದೂ ಹೌದು. ಊರಲ್ಲಿ ಇವೆರಡೂ ಬೇರೆ ಅಂತ ನನಗೆ ಅನ್ನಿಸಿಯೇ ಇರಲಿಲ್ಲ. ಬೆಲೆ ಕೇಳುತ್ತಿದ್ದೆ, ಬೆಲೆ ಕೇಳಿಸುತ್ತಿತ್ತು. ಇಲ್ಲಿ ಒಂದು ಬಂದು ಇನ್ನೊಂದು ಬರಲು ನಾಲ್ಕು ತಿಂಗಳು ಹಿಡಿಯಿತು.

ಎಲ್ಲಕ್ಕಿಂತ ಕಾಡಿದ್ದು ಫಿಫ್ಟೀನ್ ಮತ್ತು ಫಿಫ್ಟಿ. ನಮ್ಮ ಹದಿನೈದಕ್ಕೂ ಐವತ್ತಕ್ಕೂ ಯಾವ ಹೋಲಿಕೆಯೂ ಇಲ್ಲ. ಗಲಾಟೆಯಲ್ಲಿ ಅರ್ಧ ಕೇಳಿಸಿದರೂ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಥರ್ಟೀನ್ ಥರ್ಟಿ, ಫೋರ್ಟೀನ್ ಫಾರ್ಟಿ, ಎಲ್ಲ ಜೋಡಿ ಜೋಡಿ. ಟೀಚರ್ ಮೇಜನ್ನು ಬೆರಳಿನಿಂದ ತಟ್ಟಿ ಕಲಿಸಿದರು. ಹದಿನೈದಾದರೆ ಪೆಟ್ಟು ಕೊನೆಗೆ ಬೀಳುತ್ತದೆ, ಟೀನ್ ಅಂತ ಎಳೆಯುತ್ತದೆ. ಐವತ್ತಾದರೆ ಪೆಟ್ಟು ಮೊದಲಿಗೆ, ಟಿ ಅಂತ ಕತ್ತರಿಸಿದ ಹಾಗೆ ನಿಲ್ಲುತ್ತದೆ. ಆಮೇಲೆ ಒಂದು ಕಾಗದವನ್ನು ಬಾಯಿಗೆ ಅಡ್ಡ ಹಿಡಿದು ಬೆಲೆ ಹೇಳುತ್ತಿದ್ದರು. ನಾವು ಬರೆಯಬೇಕು. ತುಟಿ ನೋಡುವ ಹಾಗಿಲ್ಲ. ಮೊದಲ ದಿನ ಹತ್ತರಲ್ಲಿ ನನಗೆ ಮೂರು ಸರಿ ಬಂತು. ಮನೆಯಲ್ಲಿ ಮಗನ ಕೈಗೆ ಕಾಗದ ಕೊಟ್ಟು ಕೂರಿಸಿದೆ. ಅಷ್ಟರಲ್ಲಿ ಅವನ ಇಂಗ್ಲಿಷ್ ಇಲ್ಲಿನವರ ಹಾಗೇ ಆಗಿತ್ತು. ನಾನು ಚಪಾತಿ ಲಟ್ಟಿಸುತ್ತಿದ್ದರೆ ಅವನು ಬೆಲೆ ಕೂಗುತ್ತಿದ್ದ. "ಅಮ್ಮಾ, ಫಾರ್ಟಿನಾ ಫೋರ್ಟೀನಾ ಹೇಳು" ಅನ್ನುತ್ತಿದ್ದ. ಆ ಚಳಿಗಾಲದಲ್ಲಿ ನಮ್ಮ ಅಡುಗೆಮನೆಯೇ ಸಂತೆ.

ಟೀಚರ್ ಕಲಿಸಿದ ಇನ್ನೊಂದು ವಿಷಯ ನನ್ನನ್ನು ನಿಜವಾಗಿ ಉಳಿಸಿತು. ಅರ್ಥವಾಗದಿದ್ದರೆ ನೋಟು ಕೊಡಬೇಡಿ, ಕೇಳಿದ ಬೆಲೆಯನ್ನು ತಿರುಗಿ ಹೇಳಿ. ಅವರು ವನ್ ಫಿಫ್ಟಿ ಅಂದರೆ ನೀವೂ ವನ್ ಫಿಫ್ಟಿ ಅಂತ ಪ್ರಶ್ನೆಯ ಧಾಟಿಯಲ್ಲಿ ಹೇಳಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಆಗಲೂ ಅನುಮಾನವಿದ್ದರೆ, 'ಸಾರಿ, ಫಿಫ್ಟೀನ್ ಆರ್ ಫಿಫ್ಟಿ? ವನ್ ಫೈವ್ ಆರ್ ಫೈವ್ ಝೀರೋ?' ಅಂತ ಅಂಕಿ ಬಿಡಿಸಿ ಕೇಳಿ. ಅದರಲ್ಲಿ ನಾಚಿಕೆಯೇನಿಲ್ಲ, ಟೆಲಿಫೋನಿನಲ್ಲಿ ನಾವೂ ಹಾಗೇ ಕೇಳುತ್ತೇವೆ ಎಂದರು. ಹೊಸದಾಗಿ ಇಂಗ್ಲಿಷ್ ಕಲಿಯುವ ಯಾರಿಗಾದರೂ ನಾನು ಮೊದಲು ಹೇಳುವುದು ಇದನ್ನೇ.

ಪ್ಲೀಸ್ ಬಗ್ಗೆಯೂ ಹೇಳಬೇಕು. "ಗಿವ್ ಮಿ ವನ್ ಕೆ.ಜಿ." ಅಂತ ನಾನು ಹೇಳಿದಾಗ ಟೀಚರ್ ಮುಖ ಸ್ವಲ್ಪ ಬಿಗಿಯಾಯಿತು. ನನಗೆ ಬೇಸರವಾಯಿತು. ಕನ್ನಡದಲ್ಲಿ ನಾವು ಪ್ಲೀಸ್ ಅನ್ನುವುದಿಲ್ಲ ನಿಜ. ಆದರೆ 'ಕೊಡಿ' ಅನ್ನುವುದರಲ್ಲೇ ಮರ್ಯಾದೆ ಇದೆ. ಅದರ ಹಿಂದೆ ಅಣ್ಣಾ ಅಂತಲೋ ಅವ್ವಾ ಅಂತಲೋ ಇರುತ್ತದೆ. 'ಒಂದ್ ಸ್ವಲ್ಪ ನೋಡಿ ಕೊಡಿ' ಅನ್ನುವಾಗ ಎಷ್ಟು ಮೆತ್ತಗಿರುತ್ತದೆ! ಆ ಮೆತ್ತಗಿನದೆಲ್ಲ ಇಂಗ್ಲಿಷಿಗೆ ಹೋಗುವಾಗ ಉದುರಿ ಹೋಗಿ 'ಗಿವ್ ಮಿ' ಮಾತ್ರ ಉಳಿಯುತ್ತದೆ. ಟೀಚರಿಗೆ ಇದನ್ನು ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಗಮನವಿಟ್ಟು ಕೇಳಿದರು. ಇಲ್ಲಿ ಆ ಅಣ್ಣನ ಜಾಗದಲ್ಲಿ ಪ್ಲೀಸ್ ಇದೆ ಅಂದುಕೋ, 'ಕ್ಯಾನ್ ಐ ಹ್ಯಾವ್' ಅಂತ ಶುರು ಮಾಡು ಎಂದರು. ಅಂದಿನಿಂದ ಪ್ಲೀಸ್ ನನಗೆ ಹೊರಗಿನದು ಅನ್ನಿಸಲಿಲ್ಲ.

ಡಿಸೆಂಬರಿನಲ್ಲಿ ಟೀಚರ್ ನಮ್ಮನ್ನೆಲ್ಲ ಬುಲ್ ರಿಂಗ್ ಮಾರ್ಕೆಟ್ಟಿಗೆ ಕರೆದುಕೊಂಡು ಹೋದರು. ಒಬ್ಬೊಬ್ಬರೂ ಐದು ಪೌಂಡಿನೊಳಗೆ ಮೂರು ಬಗೆಯ ಹಣ್ಣು ತರಬೇಕು. ನೋಟು ಕೊಡುವ ಹಾಗಿಲ್ಲ, ಸರಿಯಾದ ಚಿಲ್ಲರೆಯನ್ನೇ ಎಣಿಸಿ ಕೊಡಬೇಕು. ನನ್ನ ಕೈ ಚಳಿಗೆ ನಡುಗುತ್ತಿತ್ತೋ ಹೆದರಿಕೆಗೋ ಗೊತ್ತಿಲ್ಲ.

"ಪೌಂಡ್ ಎ ಬೌಲ್! ಪೌಂಡ್ ಎ ಬೌಲ್!" ಮಾರ್ಚ್ ತಿಂಗಳಲ್ಲಿ ಕೇಳಿದ್ದ ಅದೇ ಕೂಗು. ಈಗ ಒಂದೊಂದು ಪದವೂ ಬಿಡಿ ಬಿಡಿಯಾಗಿ ಕಿವಿಗೆ ಬಿತ್ತು. ಬೋಗುಣಿಗೆ ಒಂದು ಪೌಂಡ್! ಇಷ್ಟೇನಾ? ಇಷ್ಟು ದಿನ ಇವರು ಕೂಗಿದ್ದು ಇಷ್ಟೇನಾ? ನಿಂತಲ್ಲೇ ಇನ್ನೊಂದು ಸಲ ಕೇಳಿಸಿಕೊಂಡೆ.

ಪೌಂಡ್ ಅನ್ನುವ ಪದವೇ ಒಂದು ಸಿಕ್ಕು. ಅದು ದುಡ್ಡೂ ಹೌದು, ತೂಕವೂ ಹೌದು. ತೂಕದ ಪೌಂಡ್ ಅಂದರೆ 454 ಗ್ರಾಂ. ಸೂಪರ್ ಮಾರ್ಕೆಟ್ಟಿನ ಸ್ಟ್ರಾಬೆರಿ ಡಬ್ಬದ ಮೇಲೆ 227 ಗ್ರಾಂ ಅಂತ ಯಾಕೆ ಬರೆದಿರುತ್ತಾರೆ ಅಂತ ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಅದು ಅರ್ಧ ಪೌಂಡ್. 2000ದಿಂದ ಬಿಡಿ ಹಣ್ಣು ತರಕಾರಿಯನ್ನು ಗ್ರಾಂ, ಕೆ.ಜಿ.ಯಲ್ಲೇ ತೂಗಬೇಕು, ಪಕ್ಕದಲ್ಲಿ ಪೌಂಡ್ ಲೆಕ್ಕ ಬರೆಯಬಹುದು ಅಂತ ಕಾನೂನು. ಸಂಡರ್‌ಲ್ಯಾಂಡ್ ಅನ್ನುವ ಊರಿನ ವ್ಯಾಪಾರಿಯೊಬ್ಬರು ಬಾಳೆಹಣ್ಣನ್ನು ಪೌಂಡ್ ತಕ್ಕಡಿಯಲ್ಲೇ ತೂಗಿ ಮಾರಿದ್ದಕ್ಕೆ 2001ರಲ್ಲಿ ಕೋರ್ಟು ತಪ್ಪಿತಸ್ಥ ಅಂದಿತು. ದೇಶವೆಲ್ಲ ಅದರ ಬಗ್ಗೆ ಮಾತಾಡಿತಂತೆ. ಆದರೂ ವಯಸ್ಸಾದವರು ಇವತ್ತಿಗೂ ಅರ್ಧ ಪೌಂಡ್ ಚೆರ್ರಿ ಅಂತಲೇ ಕೇಳುತ್ತಾರೆ. ನಮ್ಮಜ್ಜಿಯೂ ಕೊನೆಯವರೆಗೆ ಸೇರು, ಪಾವು ಅಂತಲೇ ಅನ್ನುತ್ತಿದ್ದಳು. ಕಿಲೋ ಅಂದರೆ ಅವಳಿಗೆ ಮನಸ್ಸಿಗೆ ಹತ್ತುತ್ತಿರಲಿಲ್ಲ.

ನಾನು ಮೊದಲು ಸತ್ಸುಮಾ ತೆಗೆದುಕೊಂಡೆ. ಸಡಿಲ ಸಿಪ್ಪೆಯ ಪುಟ್ಟ ಕಿತ್ತಳೆ ಅದು, ಕ್ರಿಸ್ಮಸ್ ಹೊತ್ತಿಗೆ ರಾಶಿ ರಾಶಿ ಬರುತ್ತದೆ. ಬೋಗುಣಿಯಿಂದ ಒಂದು ಹಣ್ಣು ಎತ್ತಿ ಒತ್ತಿ ನೋಡಲು ಕೈ ಹಾಕಿದೆ. ಅಂಗಡಿಯವರು ಬೇಡ ಅಂತ ತಲೆಯಾಡಿಸಿದರು. ಇಲ್ಲಿ ಆರಿಸುವ ಹಾಗಿಲ್ಲ. ಬೋಗುಣಿಯಲ್ಲಿ ಇದ್ದದ್ದನ್ನು ಹಾಗೇ ಕವರಿಗೆ ಸುರಿಯುತ್ತಾರೆ. ಅವ್ವ ನೋಡಿದ್ದರೆ ಒಪ್ಪುತ್ತಲೇ ಇರಲಿಲ್ಲ. ನನಗೂ ಇದು ಇವತ್ತಿನವರೆಗೂ ಒಗ್ಗಿಲ್ಲ. ಹಣ್ಣನ್ನು ಮುಟ್ಟದೆ ಕೊಳ್ಳುವುದು ಹೇಗೆ? ಅದಕ್ಕೇ ಒಂದು ಮಾತು ಕಲಿತೆ, 'ಕ್ಯಾನ್ ಐ ಹ್ಯಾವ್ ದಟ್ ಬೌಲ್, ಪ್ಲೀಸ್?' ಹಣ್ಣು ಆರಿಸಲು ಆಗದಿದ್ದರೆ ಬೋಗುಣಿಯನ್ನಾದರೂ ಆರಿಸಬಹುದಲ್ವಾ.

"ಎನಿಥಿಂಗ್ ಎಲ್ಸ್, ಬ್ಯಾಬ್?" ಎಂದರು ಅವರು. ಬ್ಯಾಬ್ ಅಂದರೆ ಏನೋ ಅಂತ ಟೀಚರ್ ಕಡೆ ನೋಡಿದೆ. ಬರ್ಮಿಂಗ್‌ಹ್ಯಾಮ್‌ನವರು ಅಕ್ಕರೆಯಿಂದ ಕರೆಯುವ ಮಾತಂತೆ ಅದು. ನಮ್ಮ ಕಡೆ ವಯಸ್ಸು ನೋಡದೆ 'ತಗೊಳವ್ವಾ' ಅನ್ನುವುದಿಲ್ಲವಾ, ಹಾಗೆ.

ಎರಡನೆಯದಾಗಿ ದೊಡ್ಡ ಹಸಿರು ಸೇಬು. 'ಆರ್ ದೇ ಸ್ವೀಟ್?' ಅಂತ ಕೇಳಿದೆ. 'ನೋ, ಶಾರ್ಪ್' ಅಂದರು. ಶಾರ್ಪ್ ಅಂದರೆ ಚಾಕುವಿಗೆ ಹೇಳುವ ಮಾತು ಅಂದುಕೊಂಡಿದ್ದೆ. ತೆಗೆದುಕೊಂಡೆ. ಮನೆಗೆ ಬಂದು ಕಚ್ಚಿದರೆ ಹಲ್ಲು ಚುಳ್ ಅಂದಿತು. ಅದು ಬ್ರಾಮ್ಲಿ ಅನ್ನುವ ಅಡುಗೆ ಸೇಬು. ಹುಳಿಗೆ ಶಾರ್ಪ್ ಅನ್ನುತ್ತಾರೆ ಅಂತ ಹಾಗೆ ಕಲಿತೆ, ಇನ್ನು ಸಾಯುವವರೆಗೂ ಮರೆಯುವುದಿಲ್ಲ. ಆದರೆ ಆ ಸೇಬಿನಿಂದ ನನಗೆ ಒಂದು ಲಾಭವಾಯಿತು. ತುರಿದು, ಸಾಸಿವೆ ಕರಿಬೇವಿನ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದೆ. ಮಾವಿನಕಾಯಿ ಚಿತ್ರಾನ್ನದ ಹತ್ತಿರಕ್ಕೆ ಬಂತು. ಈಗ ಯುಗಾದಿಗೆ ಮಾವಿನಕಾಯಿ ಸಿಗದಿದ್ದರೆ ಬ್ರಾಮ್ಲಿಯೇ ಗತಿ.

ಹಣ್ಣಿನ ಹೆಸರುಗಳದ್ದೂ ಒಂದು ವಿಚಿತ್ರ. ನಮ್ಮಲ್ಲಿ ಬಾಳೆಹಣ್ಣು ಅಂದರೆ ಯಾವುದು ಅಂತ ಕೇಳುತ್ತಾರೆ. ಪುಟ್ಟಬಾಳೆ, ಪಚ್ಚಬಾಳೆ, ಚಂದ್ರಬಾಳೆ, ನಂಜನಗೂಡಿನ ರಸಬಾಳೆ. ಸೇಬು ಮಾತ್ರ ಸೇಬು. ಇಲ್ಲಿ ಉಲ್ಟಾ. ಬಾಳೆಹಣ್ಣು ಅಂದರೆ ಒಂದೇ. ಸೇಬಿಗೆ ಮಾತ್ರ ಗಾಲಾ, ಬ್ರೇಬರ್ನ್, ಕಾಕ್ಸ್, ಪಿಂಕ್ ಲೇಡಿ ಅಂತ ಹೆಸರುಗಳು. ಬರೀ ಆಪಲ್ ಅಂದರೆ 'ವಿಚ್ ಒನ್ಸ್?' ಅಂತ ತಿರುಗಿ ಕೇಳುತ್ತಾರೆ. ಇಲ್ಲಿ ಪರಿಚಯವಾದ ಧಾರವಾಡದ ಗೆಳತಿಯೊಬ್ಬಳು ಪೇರಲ ಹಣ್ಣು ತಿನ್ನುವ ಆಸೆಯಿಂದ ಪೇರ್ ಕೇಳಿ ಬೇರೆಯೇ ಹಣ್ಣು ತಂದಿದ್ದಳು. ಅವರ ಪೇರಲ ನಮ್ಮ ಸೀಬೆ, ಇಂಗ್ಲಿಷಿನಲ್ಲಿ ಗ್ವಾವಾ. ಪೋರ್ಚುಗೀಸರು ತಮ್ಮ ಪೇರ್ ಹಣ್ಣಿನ ಹೆಸರನ್ನೇ ಸೀಬೆಗೆ ಇಟ್ಟುಹೋದದ್ದರಿಂದ ಆದ ಗೊಂದಲ ಅದು. ಎಷ್ಟು ನೂರು ವರ್ಷ ಆದ ಮೇಲೆ ಒಬ್ಬ ಹೆಂಗಸನ್ನು ಬರ್ಮಿಂಗ್‌ಹ್ಯಾಮ್‌ನಲ್ಲಿ ದಾರಿ ತಪ್ಪಿಸಿತು ನೋಡಿ.

ಮೂರನೆಯ ಹಣ್ಣು ಮಾವು. ಬಿಡಿಯಾಗಿ ಇಟ್ಟಿದ್ದರು. ಅಂಗಡಿಯವರು ತಾವೇ ಕೇಳಿದರು, 'ಫಾರ್ ಟುಡೇ ಆರ್ ಫಾರ್ ದ ವೀಕೆಂಡ್?' ಇವತ್ತು ತಿನ್ನುವುದಕ್ಕಾ, ವಾರದ ಕೊನೆಗಾ? ದೋರೆಗಾಯಿ ಬೇಕಾ ಹಣ್ಣು ಬೇಕಾ ಅಂತ ನಮ್ಮವರು ಕೇಳುವುದನ್ನೇ ಇವರು ದಿನದ ಲೆಕ್ಕದಲ್ಲಿ ಕೇಳುತ್ತಾರೆ. ಈ ಪ್ರಶ್ನೆ ಪುಸ್ತಕದಲ್ಲಿ ಇರಲಿಲ್ಲ, ಕ್ಲಾಸಿನಲ್ಲಿ ಕಲಿಸಿರಲಿಲ್ಲ. ನನಗೆ ಅರ್ಥವಾಯಿತು. 'ವೀಕೆಂಡ್, ಪ್ಲೀಸ್' ಅಂದೆ. ಬೆಲೆ 'ವನ್ ಟ್ವೆಂಟಿ ಈಚ್' ಅಂದರು. 'ವನ್ ಟ್ವೆಂಟಿ?' ಅಂತ ತಿರುಗಿ ಹೇಳಿದೆ. ಹೌದೆಂದರು. ಒಂದು ಪೌಂಡ್, ಒಂದು ಇಪ್ಪತ್ತು ಪೆನ್ಸ್. ಅಕ್ಷರ ಓದಿ, ಎಣಿಸಿ, ಅವರ ಅಂಗೈಗೆ ಇಟ್ಟೆ. ಹಿಂದೆ ಇಬ್ಬರು ಕಾಯುತ್ತಿದ್ದರು. ಕಾಯಲಿ ಅಂದುಕೊಂಡೆ.

ಆಮೇಲೆ ಪ್ರತಿ ಶನಿವಾರ ಹೋಗತೊಡಗಿದೆ. ಮೂರೋ ನಾಲ್ಕೋ ಅಂಗಡಿಯವರಿಗೆ ನನ್ನ ಮುಖ ಪರಿಚಯವಾಯಿತು. ಚೌಕಾಸಿ ಇಲ್ಲಿ ನಡೆಯುವುದೇ ಇಲ್ಲ ಅಂತ ಕೆಲವರು ಹೇಳುತ್ತಾರೆ. ಪೂರ್ತಿ ನಿಜವಲ್ಲ. ಬೆಳಗ್ಗೆ ನಡೆಯುವುದಿಲ್ಲ. ಒಂದೇ ಬೋಗುಣಿಗೆ ನಡೆಯುವುದಿಲ್ಲ. ಎರಡು ಮೂರು ತೆಗೆದುಕೊಂಡರೆ, ಅದೂ ಸಂಜೆ ಅಂಗಡಿ ಎತ್ತುವ ಹೊತ್ತಿಗೆ ಹೋದರೆ, ಬೆಲೆ ಇಳಿಯುತ್ತದೆ. 'ಟೂ ಮಚ್' ಅಂತ ಮುಖ ಸಿಂಡರಿಸಿದರೆ ಕೆಲಸ ಆಗುವುದಿಲ್ಲ. 'ಕ್ಯಾನ್ ಯೂ ಡೂ ತ್ರೀ ಫಾರ್ ಟೂ ಪೌಂಡ್ಸ್?' ಅಂತ ನಾವೇ ಒಂದು ಲೆಕ್ಕ ಮುಂದಿಡಬೇಕು. ಆಗಲ್ಲ ಅಂದರೆ ಬೇಜಾರಿಲ್ಲದೆ ಬಿಡಬೇಕು. ಎರಡು ಹೆಜ್ಜೆ ಮುಂದೆ ಹೋಗುವ ನನ್ನ ಹಳೆಯ ವಿದ್ಯೆ ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ಹಿಂದಿನಿಂದ ಯಾರೂ ಕರೆಯುವುದಿಲ್ಲ.

2018ರ ಜೂನಿನಲ್ಲಿ ಒಂದು ಶನಿವಾರ ಸ್ಟ್ರಾಬೆರಿ ತೆಗೆದುಕೊಂಡೆ. ಒಂದು ಡಬ್ಬ ಒಂದು ಪೌಂಡ್, ಎರಡಕ್ಕೆ ಒಂದೂವರೆ ಅಂತ ಆ ಹುಡುಗ ಕೂಗುತ್ತಿದ್ದ. ಎರಡು ಡಬ್ಬಕ್ಕೆ ಎರಡು ಪೌಂಡಿನ ನಾಣ್ಯ ಕೊಟ್ಟೆ. ಅವನು ಅದನ್ನು ಹಾಕಿಕೊಂಡು ಮುಂದಿನವರ ಕಡೆ ತಿರುಗಿದ. ಗಿರಾಕಿ ಜಾಸ್ತಿ ಇದ್ದರು, ಮರೆತಿದ್ದ ಅಷ್ಟೇ. ವರ್ಷದ ಹಿಂದೆ ಆಗಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. "ಸಾರಿ, ಯೂ ಸೆಡ್ ಟೂ ಫಾರ್ ವನ್ ಫಿಫ್ಟಿ" ಅಂದೆ. ಅವನು ತಿರುಗಿ ನೋಡಿದ. "ಐ ಡಿಡ್. ಸಾರಿ, ಬ್ಯಾಬ್" ಎಂದು ಐವತ್ತು ಪೆನ್ಸ್ ಕೈಗಿಟ್ಟ. ಏಳು ಮೂಲೆಯ ನಾಣ್ಯ. ಮೇಲಿನ ಅಕ್ಷರ ಓದದೆಯೇ ಗುರುತು ಸಿಕ್ಕಿತು.

ಅದನ್ನು ಕೈಯಲ್ಲಿ ಹಿಡಿದುಕೊಂಡೇ ಚರ್ಚಿನ ಹತ್ತಿರ ಬಂದು ಅವ್ವನಿಗೆ ವಿಡಿಯೊ ಕಾಲ್ ಮಾಡಿದೆ. ಇಲ್ಲಿ ಮಧ್ಯಾಹ್ನ ಒಂದು ಗಂಟೆ, ಅಲ್ಲಿ ಸಂಜೆ ಐದೂವರೆ. ಅವಳು ಜಗುಲಿಯ ಮೇಲೆ ಕೂತಿದ್ದಳು. ಫೋನನ್ನು ಅಂಗಡಿ ಸಾಲಿನ ಕಡೆ ತಿರುಗಿಸಿದೆ.

"ಏನ್ ಮಗಾ, ಸಂತೇಲಿದ್ದೀಯಾ? ಏನಂತ ಕೂಗ್ತಾನೆ ಅವನು?"

"ಚೆರ್ರಿ ಹಣ್ಣಂತೆ ಕಣವ್ವ. ಬೋಗುಣಿ ಒಂದೂವರೆ ಪೌಂಡಂತೆ."

"ನಮ್ ದುಡ್ಡಲ್ಲಿ ಎಷ್ಟಾಯ್ತು?"

ಹೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಜಾಸ್ತಿ ಆಯ್ತು. ಎರಡು ತಗೊಂಡ್ರೆ ಎಷ್ಟಕ್ಕೆ ಕೊಡ್ತಾನೆ ಕೇಳು."

ಫೋನನ್ನು ಎಡಗೈಗೆ ತೆಗೆದುಕೊಂಡು ಅಂಗಡಿಯ ಮುಂದೆ ಹೋಗಿ ನಿಂತೆ. ಕೇಳಿದೆ.